ಜುಲೈ ತಿಂಗಳ ಹಿಮ

ಪೆಟ್ಟಿಗೆ ಹೊರುವವನು ನಾನು. ಓದುವವಳು ಸುನ್ನಿವಾ.
ನೆಲಮಾಳಿಗೆಯಿಂದ ಮೇಲಕ್ಕೆ, ದಿನಕ್ಕೆ ಆರು ಪೆಟ್ಟಿಗೆ.
ಪತ್ರಾಗಾರದಲ್ಲಿ ಚರಿತ್ರೆಯ ತೂಕ
ಮೊದಲು ಮೊಣಕಾಲಿಗೆ ಗೊತ್ತಾಗುತ್ತದೆ.

ಅವಳಿಗೆ ಬೇಕಾದದ್ದು ಒಂದೇ ಒಂದು ಮಧ್ಯಾಹ್ನ:
ಸಾವಿರದ ಒಂಬೈನೂರ ಏಳು, ಜುಲೈ ಹನ್ನೊಂದು,
ಸ್ಕಾರ್ವಿಕದ ಹಡಗುಕಟ್ಟೆ. ಕೆಲಸ ನಿಲ್ಲಿಸಿ ನಿಂತ ಮೀನು ಹೊರುವವರು,
ಎದುರಿಗೆ ಬಂದೂಕು ಹಿಡಿದ ಹನ್ನೆರಡು ಮಂದಿ.
ಸತ್ತವರೆಷ್ಟು?

ಠಾಣೆಯ ವರದಿ: ಮೂವರು. ದುಂಡಕ್ಷರ, ಒಂದೂ ಚಿತ್ತಿಲ್ಲ.
ಕೂಲಿಕಾರರ ಪತ್ರಿಕೆ: ಹತ್ತೊಂಬತ್ತು.
ಒಬ್ಬ ಗುಡ್ಡವನ್ನು ಕಡ್ಡಿ ಮಾಡಿದ, ಇನ್ನೊಬ್ಬ ಕಡ್ಡಿಯನ್ನು ಗುಡ್ಡ;
ಕೂಡಿಸಿ ಎರಡರಿಂದ ಭಾಗಿಸಿಬಿಡಿ, ಎಂದೆ.
ಅವಳು ನಗಲಿಲ್ಲ. 'ಸುಳ್ಳುಗಳ ಸರಾಸರಿಯೂ
ಸುಳ್ಳೇ, ಐಲರ್ತ್. ಚರ್ಚಿನ ಪುಸ್ತಕ ತನ್ನಿ.'

ಆ ವಾರ ಹೂತದ್ದು ಐವರನ್ನು.
ನಾಲ್ವರ ಮುಂದೆ 'ಗುಂಡೇಟು'. ಐದನೆಯವನ ಮುಂದೆ 'ಮುಳುಗಿ'.
ಮುಳುಗಿದವನ ಅಂಗಿಯನ್ನು ಹೆಂಡತಿ ಅಡವಿಟ್ಟಾಗ
ಅಂಗಡಿಯವನು ಬರೆದುಕೊಂಡಿದ್ದಾನೆ:
ಬೆನ್ನಲ್ಲಿ ತೂತು, ಬೆಲೆ ಕಡಿಮೆ.

ಬಡಗಿಯ ವಹಿಯಲ್ಲಿ ಶವಪೆಟ್ಟಿಗೆ ಆರು.
ಐದು ಆಳುದ್ದ. ಒಂದು ನಾಲ್ಕೂವರೆ ಅಡಿ,
ಬಣ್ಣವಿಲ್ಲ, ಹೆಸರಿಲ್ಲ,
ಅರ್ಧ ಹಣ ಸಂದಾಯ, ಉಳಿದದ್ದಕ್ಕೆ ಒಣಮೀನು ಬಾಕಿ.
ನನಗೆ ಗಂಟಲು ಕಟ್ಟಿತು. ಅವಳು
ಇನ್ನೊಂದು ಹಾಳೆಗೆ ಹೊರಳಿದಳು:
ಆ ಬೇಸಿಗೆ ಊರಲ್ಲಿ ದಡಾರವೂ ಇತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ.
ಕಂಡವಳು ಒಬ್ಬಳಿದ್ದಾಳೆ, ಅರವತ್ತೊಂದರ ಧ್ವನಿಸುರುಳಿಯೊಳಗೆ,
ಕೆಮ್ಮುತ್ತ, ಕಾಫಿ ಬಟ್ಟಲು ಸದ್ದು ಮಾಡುತ್ತ, ಬ್ರೀತಾ:
'ನನಗೆ ಆರು ವರ್ಷ. ಗುಂಡು ಹಾರುವಾಗ ಹಿಮ ಬೀಳುತ್ತಿತ್ತು.
ಅಕ್ಕ ಕೈಸಾಳ ಕೂದಲ ತುಂಬ ಹಿಮ. ಕರಗಲೇ ಇಲ್ಲ.'

ದೀಪಸ್ತಂಭದ ದಿನಚರಿ ತೆಗೆದೆವು:
ನಿಚ್ಚಳ ಆಕಾಶ, ಹದಿನಾಲ್ಕು ಡಿಗ್ರಿ, ನೈಋತ್ಯದ ಗಾಳಿ.
ಸುರುಳಿಯ ಡಬ್ಬದ ಮೇಲೆ ಹಿಂದೆ ಯಾರೋ ಪಂಡಿತರು
ನೀಲಿ ಶಾಯಿಯಲ್ಲಿ ಬರೆದಿದ್ದರು: ನಂಬಲರ್ಹವಲ್ಲ.

ಮೂರು ವಾರ ಕಳೆದು, ವಿಮೆ ಕಂಪನಿಯ ಕಟ್ಟಿನಲ್ಲಿ
ಒಬ್ಬ ವ್ಯಾಪಾರಿಯ ದೂರು: ಕಡಲಬಾತಿನ ತುಪ್ಪುಳ,
ನಾಲ್ಕು ಮೂಟೆ, ಕಟ್ಟೆಯ ಮೇಲೆ ಗುಂಡು ತಗುಲಿ ಹರಿದು
ಗಾಳಿಪಾಲು. ಪರಿಹಾರ ಬೇಡಿದ್ದಾನೆ.

ಸುನ್ನಿವಾ ಕನ್ನಡಕ ತೆಗೆದಿಟ್ಟು
ಕಿಟಕಿಯಾಚೆ ಬಹಳ ಹೊತ್ತು ನೋಡಿದಳು.

ಆರು ಅಂತ ಬರೆಯಿರಿ, ಎಂದೆ. ಧ್ವನಿ ಏರಿತ್ತು.
ಹಳೆಯ ಜನಗಣತಿಯಲ್ಲಿ ಆ ಮನೆಯಲ್ಲಿ ಎರಡು ವರ್ಷದ ಕೈಸಾ,
ಹತ್ತು ವರ್ಷದ ಮೇಲೆ ಬ್ರೀತಾ ಒಬ್ಬಳೇ. ಇನ್ನೇನು ಬೇಕು?
'ಹತ್ತು ವರ್ಷ ಉದ್ದದ ಬಾಗಿಲು ಅದು. ಯಾವ ದಿನ ದಾಟಿದಳೋ.
ಹಿಮದ ಮಾತಲ್ಲಿ ಬ್ರೀತಾ ಕಂಡದ್ದನ್ನೇ ಹೇಳಿದಳು.
ಅಕ್ಕ ಸತ್ತಳೆಂದು ಅವಳು ಹೇಳಲಿಲ್ಲ, ಐಲರ್ತ್.
ಅದು ನಾವು ಕೇಳಿಸಿಕೊಂಡದ್ದು.'

ಬಂದೂಕಿನ ಹನ್ನೆರಡು ಹೆಸರುಗಳಲ್ಲಿ ಒಂದು ನನ್ನಜ್ಜನದು.
ಅವಳಿಗೆ ನಾನು ಹೇಳಿರಲಿಲ್ಲ.
ಆ ಪಟ್ಟಿ ಓದುವ ದಿನ ಮಾತ್ರ
ನನ್ನನ್ನು ಕಾಫಿ ತರಲು ಕಳಿಸಿದ್ದಳು.
ಅಜ್ಜನ ಗುಂಡು ತುಪ್ಪುಳದ ಮೂಟೆಗೇ ಬಿದ್ದಿರಲಿ ಎಂದು
ರಾತ್ರಿ ಹರಕೆ ಹೊತ್ತವನು,
ಹಗಲು ಆರು ಬರೆಯಿರಿ ಎಂದು ಜಗಳಕ್ಕೆ ನಿಂತೆ.
ಎರಡೂ ನಾನೇ.

ಅವಳು ಬರೆದದ್ದು ಇಷ್ಟು:
'ನಾಲ್ವರು ಖಚಿತ. ಐದನೆಯವನು ಬಹುತೇಕ ಖಚಿತ.
ಆರನೆಯದು, ಒಂದು ಮಗು, ಸಂಭವ.'
ಕೆಳಗೆ ಅಡಿಟಿಪ್ಪಣಿ, ಪುಟಕ್ಕಿಂತ ಉದ್ದ.

ಮುಚ್ಚುವ ಗಂಟೆ ಬಾರಿಸಿ ಪೆಟ್ಟಿಗೆ ಎತ್ತಿಕೊಂಡೆ.
'ಬಡಗಿಯ ವಹಿ ಇಲ್ಲೇ ಇರಲಿ,' ಎಂದಳು ಕೋಟು ತೊಡುತ್ತ,
'ನಾಳೆ ಆಗಸ್ಟ್ ತಿಂಗಳು ನೋಡೋಣ.
ಬಾಕಿ ಒಣಮೀನನ್ನು ಯಾರಾದರೂ ತಂದುಕೊಟ್ಟಿರಬೇಕಲ್ಲ,
ತಂದವರ ಹೆಸರು ಬರೆದುಕೊಂಡಿರಬಹುದು.'