ಯಾರಾದರೊಬ್ಬರು, ಅಥವಾ ಉಳಿದವರು

ಅರ್ಜಿಯ ಏಳನೇ ಕಾಲಮ್ಮಿಗೆ ಬಂದಾಗ
ನನ್ನ ಕನ್ನಡ ಸಣ್ಣಗೆ ತೊದಲಿತು.
ಸಿದ್ದಾಪುರದ ಶಾಖೆ, ಮಾರ್ಚ್ ತಿಂಗಳು,
ಹೂಮಳೆ ಬಿದ್ದು ವಾರವಾಗಿತ್ತು,
ಕಾಫಿ ಹೂವಿನ ವಾಸನೆ ಕಿಟಕಿ ದಾಟಿ
ನೋಟು ಎಣಿಸುವ ಯಂತ್ರದ ಮೇಲೆ ಕೂತಿತ್ತು.

ಕೌಂಟರಿನ ಆಚೆ ಇಬ್ಬರು:
ನೆಲ್ಯಹುದಿಕೇರಿಯ ನಬೀಸು, ಗುಹ್ಯದ ದೇವಕ್ಕಿ.
ನೆಂಟರಲ್ಲ, ನೆರೆಯವರೂ ಅಲ್ಲ.
ನಡುವೆ ಇರುವುದು
ಮೂವತ್ತು ಅಡಿಯ ಅಲ್ಯೂಮಿನಿಯಂ ಏಣಿ,
ಅರ್ಧರ್ಧ ದುಡ್ಡು ಹಾಕಿ ತಂದದ್ದು,
ಮೆಣಸು ಕೊಯ್ಯಲು.

ಗಂಡಸರ ಕೆಲಸ ಅದು, ಅಂದನಂತೆ ತೋಟದ ರೈಟರು.
ಏಣಿಗೆ ಅದು ಗೊತ್ತಿಲ್ಲ, ಅಂದಳಂತೆ ನಬೀಸು.
ಆಮೇಲೆ ಅವನೇ ಕರೆದ, ಕಿಲೋ ಲೆಕ್ಕಕ್ಕೆ.

ಖಾತೆ ಜಾಯಿಂಟು, ಅಂದೆ.
ದೇವಕ್ಕಿ ಮೊಣಕಾಲು ಮುಟ್ಟಿಕೊಂಡಳು:
ಡಾಕ್ಟರೂ ಅದನ್ನೇ ಹೇಳಿದ್ರು ಮೇಡಂ, ಸವೆದಿದೆ ಅಂತ.
ಏಣಿಗೂ ಇದೆ, ಅಂದಳು ನಬೀಸು, ನಟ್ಟನಡುವೆ,
ವಾರಕ್ಕೊಮ್ಮೆ ಬೋಲ್ಟು ಬಿಗಿ ಮಾಡ್ಬೇಕು.

ಒಟ್ಟಿಗೆ ಎನ್ನಲು ಇಂಗ್ಲಿಷಿಗೆ ಎಷ್ಟೊಂದು ಮಾತು,
ಒಂದೊಂದರ ಬೆನ್ನಿಗೂ ಒಬ್ಬ ವಕೀಲ.
ಜಾಯಿಂಟ್ಲಿ ಎಂದರೆ ಇಬ್ಬರೂ ಬರಬೇಕು.
ಫಾರ್ಮರ್ ಆರ್ ಸರ್ವೈವರ್ ಎಂದರೆ
ಫಾರ್ಮರ್ ರೈತನಲ್ಲ, ಮೊದಲ ಹೆಸರಿನವರು.
(ಇಬ್ಬರಿಗೂ ಒಂದು ಸೆಂಟು ಭೂಮಿ ಇಲ್ಲ, ನಕ್ಕರು.)
ಇನ್ನೊಂದು ಉಂಟು,
ಐದರ್ ಆರ್ ಸರ್ವೈವರ್.

ಹಾಗಂದ್ರೆ?
ಇಬ್ಬರಲ್ಲಿ ಯಾರಾದರೊಬ್ಬರು, ಅಥವಾ
ಉಳಿದವರು.
ಎಲ್ಲಿ ಉಳಿದವರು?

ಉಳಿತಾಯ ಉಳಿತಾಯ ಎಂದು
ದಿನಕ್ಕೆ ನೂರು ಸಲ ಬರೆವ ಕೈ ನನ್ನದು.
ಆ ಉಳಿ, ಈ ಉಳಿ
ಒಂದೇ ಎಂದು ಅವತ್ತು ಹೊಳೆದು ಪೆನ್ನು ನಿಂತಿತು.

ದೇವಕ್ಕಿಗೆ ಮೊದಲು ತಿಳಿಯಿತು.
ಮೇಲೆ ಹತ್ತುವವಳು ಅವಳು, ಹಿಡಿಯುವವಳು ನಾನು,
ಬರ್ಕೊಳ್ಳಿ ಹಾಗಾದ್ರೆ, ಉಳಿಯೋದು ನಾನೇ.
ನಬೀಸು ಸೆರಗಲ್ಲಿ ಬೆವರು ಒರೆಸುತ್ತಾ:
ಕೆಳಗಡೆ ಆನೆ ಬಂದ್ರೆ?

ಅಂದಿನಿಂದ ಅದೇ ಹೆಸರು ಅಂಟಿತು.
ಐದರ್ ಬಂದಿಲ್ವಾ ಎಂದರೆ
ಬಸ್‌ಸ್ಟ್ಯಾಂಡಲ್ಲಿ ಚಾ ಕುಡೀತಿದೆ ಮೇಡಂ ಸರ್ವೈವರು,
ಇವತ್ತು ಐದರ್ ನಾನು.

ಮೂರನೇ ವರ್ಷ ಮಾತು ಬಿಟ್ಟರು.
ಯಾಕೆಂದು ಇಬ್ಬರೂ ಹೇಳಲಿಲ್ಲ,
ಯಾವುದೋ ಮದುವೆ, ಯಾರೋ ಅಂದ ಒಂದು ಮಾತು.
ಬೋಲ್ಟು ಬಿಚ್ಚಿ ಏಣಿ ಪಾಲು ಮಾಡಿದರು,
ಹದಿನೈದು ಅಡಿ ಅತ್ತ, ಹದಿನೈದು ಇತ್ತ.
ಸಿಲ್ವರ್ ಓಕಿನ ತುದಿವರೆಗೂ ಹತ್ತಿದ ಬಳ್ಳಿಗೆ
ಅರ್ಧ ಏಣಿಯ ಲೆಕ್ಕ ಗೊತ್ತೇ?
ಆ ವರ್ಷ ಮೇಲಿನ ಹಣ್ಣು ಮೆಣಸೆಲ್ಲ
ಪಿಕಳಾರದ ಪಾಲು.

ಖಾತೆಯಲ್ಲಿ ಮಾತ್ರ ಹದಿನೆಂಟು ಸಾವಿರದ ಚಿಲ್ಲರೆ
ಹಾಗೇ ಮಲಗಿತ್ತು.
ಯಾರಾದರೊಬ್ಬರು ಬಂದು ಪೂರ್ತಿ ತೆಗೆಯಬಹುದಿತ್ತು,
ಕಾನೂನು ಅವರ ಕಡೆಗಿತ್ತು.
ಯಾರಾದರೊಬ್ಬರು ಬರಲಿಲ್ಲ.
ಜೂನಿಗೊಮ್ಮೆ ಡಿಸೆಂಬರಿಗೊಮ್ಮೆ
ಬಡ್ಡಿ ಒಂದು ತಾನೇ ಬಂದು ಕೂತು ಹೋಯಿತು.
ನಾನು ಆಗಾಗ ತೆರೆದು ನೋಡುತ್ತಿದ್ದೆ,
ನನ್ನದಲ್ಲದ ಖಾತೆ.

ನಿನ್ನೆ ದೇವಕ್ಕಿ ಬಂದಳು. ಒಬ್ಬಳೇ.
ಪಾಸ್‌ಬುಕ್ಕು, ವಿತ್‌ಡ್ರಾವಲ್ ಚೀಟಿ.
ಕುಂಟು ಹೆಚ್ಚಾಗಿತ್ತು.
ನನಗೆ ಏಳನೇ ಕಾಲಂ ನೆನಪಾಗಿ
ನಬೀಸು ಎಂಬ ಹೆಸರು ಗಂಟಲಿಗೆ ಸಿಕ್ಕಿಕೊಂಡಿತು.
ಮುಖ ನೋಡಿ ಅವಳೇ ಅಂದಳು:
ಹೊರಗಿದ್ದಾಳೆ ಮೇಡಂ, ಏಣಿ ಹಿಡ್ಕೊಂಡು.
ನಿಮ್ಮ ಬಾಗಿಲಲ್ಲಿ ಅದು ತಿರುಗಲ್ಲ.

ಬೋಲ್ಟು ಬಿಚ್ಚಿದರೆ ತಿರುಗುತ್ತಿತ್ತು, ಅಂದೆ.
ಬೋಲ್ಟ್ ಎಲ್ಲಿದೆ ಈಗ,
ಕುಶಾಲನಗರದಲ್ಲಿ ವೆಲ್ಡ್ ಮಾಡ್ಸಿದ್ವಿ.

ಒಂದು ಸಹಿ ಸಾಕು, ಅಂದೆ.
ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.
ಚೀಟಿ ಹೊರಗೆ ಹೋಗಿ ಬಂತು,
ಎರಡು ಸಹಿ.
ಎರಡನೆಯದು ಅಲ್ಲಲ್ಲಿ ಮುರಿದಿತ್ತು,
ಏಣಿಯ ಮೆಟ್ಟಿಲ ಮೇಲೆ ಇಟ್ಟು ಹಾಕಿದ್ದು.