ನಡುವಿನ ಟಿಕ್

ಉಪ್ಪಳ ರೈಲ್ವೆ ಗೇಟಿನ ಆಚೆ, ಐಸ್ ಫ್ಯಾಕ್ಟರಿಯ ಗೋಡೆಗೆ ಒರಗಿದ ನನ್ನ ಶೆಡ್ಡಿಗೆ
ಸೈರನ್ ಇಲ್ಲದೆ ಬಂತು ಆಂಬ್ಯುಲೆನ್ಸು.
"ಇದರ ಟಿಕ್ ಸತ್ತಿದೆ" ಎಂದ ಅದ್ರಾಮ.

ಟಿಕ್ ಎಂದರೆ ರಿಲೇ.
ಎಂಜಿನ್ನಿನ ಪೆಟ್ಟಿಗೆ 'ನಾನು ಓಡ್ತಾ ಇದ್ದೇನೆ' ಎಂದದ್ದನ್ನು
ಹಿಂದಿನ ಕೋಣೆಯ ಪೆಟ್ಟಿಗೆಗೆ ಮುಟ್ಟಿಸುವ,
ಅರ್ಧ ಬೆಂಕಿಪೊಟ್ಟಣದಷ್ಟಿರುವ ಮಧ್ಯಸ್ಥ.
ಕಡಲ ಗಾಳಿಗೆ ಅದರ ನಾಲಗೆ ಹಸಿರು ಹಿಡಿದಿತ್ತು.
ಮೊನ್ನೆ ರಾತ್ರಿ ಶಿರಿಯ ಸೇತುವೆಯ ಮೇಲೆ
ಎಂಜಿನ್ ಓಡುತ್ತಿತ್ತು, ಹೇಳುತ್ತಲೂ ಇತ್ತು,
ಹಿಂದೆ ಕೇಳಿಸಲಿಲ್ಲ.
ಕಫ ಎಳೆಯುವ ಯಂತ್ರ ನಿಂತಿತು.
ನರ್ಸು ಕಾಸರಗೋಡಿನವರೆಗೂ ಕಾಲಿನ ಪಂಪು ತುಳಿದಳಂತೆ.
"ಮುದುಕ ಉಳಿದನೋ?"
"ಮುದುಕ ಉಳಿದ. ನರ್ಸಿನ ಕಾಲು ಉಳೀಲಿಲ್ಲ."

ಹೊಸ ರಿಲೇ ಸಿಕ್ಕಿಸಿ ಇನ್ನೂರು ರೂಪಾಯಿಗೆ ಕಳಿಸಬಹುದಿತ್ತು.
ಎಂಟು ತಿಂಗಳಿಗೆ ಮತ್ತೆ ಬರುತ್ತಾನೆ, ಅಂಗಡಿಗೆ ಒಳ್ಳೆಯದೇ.
ಆದರೆ ಹಿಂದಿನ ಪೆಟ್ಟಿಗೆಯ ನೇರಳೆ ತಂತಿ ಬಿಡಿಸಿ
ಮೀಟರು ಹಿಡಿದರೆ ಐದು ವೋಲ್ಟು.
ಯಾರೂ ಕೊಡದ ಐದು ವೋಲ್ಟು.
ಅದು ತಾನೇ ಕೈ ಎತ್ತಿಕೊಂಡು ಕೂತಿದೆ,
ಬಡಕಲು ಕೈ, ಯಾರಾದರೂ ಕೆಳಗೆ ಎಳೆಯಲಿ ಎಂದು.
ಎಂಜಿನ್ನಿನ ಪೆಟ್ಟಿಗೆಗೆ ಗೊತ್ತಿರುವುದೂ ಅದೊಂದೇ ಕೆಲಸ,
ಏನೂ ಕೊಡುವುದಿಲ್ಲ,
ಎಳೆದು ನೆಲಕ್ಕೆ ತಾಗಿಸುತ್ತದೆ.

"ಹಾಗಾದರೆ ನಡುವೆ ಇದು ಯಾಕೆ?"
ವಿಜಿಲ್ ಮಲಯಾಳದಲ್ಲಿ ಕೇಳಿದ.
ನಾನು ತುಳುವಿನಲ್ಲಿ ಬೈದೆ.
ಹತ್ತರ ಸ್ಪಾನರು ತಂದುಕೊಟ್ಟ.
ಅದ್ರಾಮ ಬ್ಯಾರಿಯಲ್ಲಿ ಏನೋ ಅಂದ, ಮೂವರೂ ನಕ್ಕೆವು.

ಬೋನೆಟ್ಟಿನ ಒಳಗೆ ನನ್ನ ತಲೆ ಇದ್ದಾಗ
ರಸ್ತೆಗೆ ಮಣ್ಣು ಸುರಿದ ವರ್ಷದ ಮಾತು ಅವನೇ ತೆಗೆದ.
ತಲಪಾಡಿಯಲ್ಲಿ ಈ ಗಾಡಿಯ ಹಿಂಬಾಗಿಲಿಗೆ
ಆಚೆಯ ಗಾಡಿಯ ಹಿಂಬಾಗಿಲು ತಿರುಗಿಸಿ ನಿಲ್ಲಿಸಿ
ಸ್ಟ್ರೆಚರು ದಾಟಿಸುವುದು.
ಚೀಟಿ ನೋಡುವವರು, ನೋಡಿದ ಚೀಟಿಯನ್ನೇ ನೋಡುವವರು.
"ಹನ್ನೆರಡು ಹೆಜ್ಜೆ ಮಾರಾಯ. ಒಬ್ಬಳು ಒಂಬತ್ತನೆಯದರಲ್ಲಿ"
ಅನ್ನುವಾಗ ಗೇಟು ಬಿತ್ತು.
ಗೂಡ್ಸು ರೈಲು.
ಅದು ದಾಟಿ ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ,
ಮುಗಿದ ಮೇಲೆ ಅವನು ಆ ಮಾತು ಮುಗಿಸಲಿಲ್ಲ.

ಡಯೋಡು ಒಂದು ಬೇಕಿತ್ತು.
ಸುಮ್ಮನಿರುವಾಗ ಎಂಜಿನ್ನಿನ ಬಾಯಲ್ಲಿ ಹನ್ನೆರಡು ನಿಂತಿರುತ್ತದೆ.
ಐದರ ಮನೆಗೆ ಹನ್ನೆರಡು ನುಗ್ಗಬಾರದು.
ಕುಚ್ಚಲಕ್ಕಿ ಕಾಳಿನಷ್ಟು ಕಪ್ಪು, ಬಿಳಿಪಟ್ಟಿ ಎಂಜಿನ್ ಕಡೆಗೆ.
ಬೆಸುಗೆ ಹಾಕಿದೆ, ಸ್ಲೀವು ಎಳೆದೆ, ಚಾವಿ ತಿರುಗಿಸಿದೆ.
ಆಗಲಿಲ್ಲ.

ಸಂಜೆ ಐದೂವರೆ. ವಿಜಿಲ್ ಹಳೆಯ ರಿಲೇಯ ಕಡೆಗೆ ನೋಡಿದ.
ತ್ಯಾಂಪಣ್ಣ ಕೆಲಸ ಕಲಿಸುವಾಗ
ನನ್ನ ತಲೆಗೆ ಮೊಟಕಿ ಹೇಳುತ್ತಿದ್ದ ಒಂದೇ ಪಾಠ ಉಂಟು,
ಮಾತು ಹುಡುಕುವ ಮೊದಲು ಅರ್ತ್ ಹುಡುಕು.
ಎಂಜಿನ್ನಿನ ಮೈಗೂ ಹಿಂದಿನ ಪೆಟ್ಟಿಗೆಯ ಮೈಗೂ
ಮೀಟರಿನ ಎರಡು ಸೂಜಿ ಇಟ್ಟೆ.
ಮುಕ್ಕಾಲು ವೋಲ್ಟು.
ಇಬ್ಬರೂ ನೆಲ ಎನ್ನುತ್ತಿದ್ದರು,
ಒಬ್ಬನ ನೆಲ ಇನ್ನೊಬ್ಬನದಕ್ಕಿಂತ ಮೆಟ್ಟಿಲು ಮೇಲಿತ್ತು.

ಸ್ಟ್ರೆಚರಿನ ಹಳಿಯ ಅಡಿಯಲ್ಲಿ ಮಲಗಿ ಹುಡುಕಿದೆ.
ಯಾರೋ ಪುಣ್ಯಾತ್ಮ ಹೊಸದಾಗಿ ಬಿಳಿ ಪೈಂಟು ಬಳಿದು
ಅದರ ಮೇಲೆಯೇ ಬೋಲ್ಟು ಬಿಗಿದಿದ್ದ.
ಉಪ್ಪುಕಾಗದದಿಂದ ಕೆರೆದೆ,
ಬಿಳಿ ಹೋಯಿತು, ಕೆಂಪು ಹೋಯಿತು,
ಮತ್ತೊಂದು ಹಳೆಯ ನೀಲಿ, ಯಾವ ಕಾಲದ್ದೋ,
ಆಮೇಲೆ ತಗಡು, ಮೀನಿನ ಹೊಟ್ಟೆಯ ಹಾಗೆ.

ಚಾವಿ ತಿರುಗಿಸಿದ ಅದ್ರಾಮ.
ಎಂಜಿನ್ ಹಿಡಿಯಿತು. ಹಿಂದೆ ಹಸಿರು ದೀಪ.
ಡ್ಯಾಶಿನ ಅಡಿಗೆ ಕಿವಿ ಕೊಟ್ಟು ಬಗ್ಗಿದ,
ಆಫ್ ಮಾಡಿದ, ಮತ್ತೆ ಹಾಕಿದ.
"ಸದ್ದೇ ಇಲ್ಲವಲ್ಲ. ಹೋಗ್ತಾ ಉಂಟೋ?"
"ಹೋಗ್ತಾ ಉಂಟು."
ನಂಬಲಿಲ್ಲ. ಹಿಂದೆ ಹೋಗಿ ಯಂತ್ರದ ಕೊಳವೆಗೆ ಹೆಬ್ಬೆರಳು ಒತ್ತಿ ನಿಂತ,
ಅದು ಎಳೆಯುವವರೆಗೆ.

ಬಿಲ್ಲು ಕನ್ನಡದಲ್ಲಿ ಬರೆದೆ:
ಡಯೋಡು ಎರಡು ರೂಪಾಯಿ.
ಬೋಲ್ಟು ಕೆರೆದದ್ದು ಮುನ್ನೂರೈವತ್ತು.
ಐವತ್ತು ಕಮ್ಮಿ ಮಾಡಿದ.
ಸತ್ತ ರಿಲೇ ಕೇಳಿ ತೆಗೆದುಕೊಂಡು
ಅಂಗಿಯ ಜೇಬಿಗೆ ಹಾಕಿಕೊಂಡ.