ತಿರುಗದ ಸ್ಟೀರಿಂಗು

ನಾನು ಹೊಗೆ ಅಳೆಯುವವಳು.
ಸಾಗರ ರಸ್ತೆಯ ಬಂಕಿನ ಮೂಲೆಗೆ ನಿಲ್ಲಿಸಿದ
ಹಳೇ ವ್ಯಾನೇ ನನ್ನ ಆಫೀಸು.
ಒಂದು ಯಂತ್ರ, ಒಂದು ಪ್ರಿಂಟರು, ಕಾಲು ಕುಂಟುವ ಸ್ಟೂಲು,
ಗಾಡಿಗಳ ಹಿಂಬದಿಗೆ ತೂರಿಸುವ ಕೊಳವೆ.
ನೂರಾ ಹತ್ತು ರೂಪಾಯಿ. ಚಿಲ್ಲರೆ ತನ್ನಿ.

ಇನಾಸ್ ಲೋಬೊ ಆರು ತಿಂಗಳಿಗೊಮ್ಮೆ ಬರುತ್ತಿದ್ದ.
ಹೊಸನಗರದ ಸ್ಟ್ಯಾಂಡಿಗೇ ಮೊದಲ ಫಾರಿನ್ ಡೀಸೆಲ್ಲು ಅವನದು,
ಡ್ಯಾಶ್‌ಬೋರ್ಡಿನ ಮೇಲೆ ಹೆಬ್ಬೆಟ್ಟಿನಷ್ಟು ಮೇರಿಯಮ್ಮ,
ಹಿಂದಿನ ಸೀಟಿನಲ್ಲಿ ಕಾಯಮ್ಮಾಗಿ ಒಂದು ದಿಂಬು:
ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆ ಬರುವ
ಗಣಪಯ್ಯ ಮಾಸ್ತರರದು.
'ನೋಡಕ್ಕ, ಇದು ಉಸಿರೇ ಬಿಡಲ್ಲ' ಅನ್ನುತ್ತ
ಬಿಳೀ ಕರ್ಚೀಫನ್ನು ಸೈಲೆನ್ಸರಿನ ಬಾಯಿಗೆ ಹಿಡಿದು
ಎರಡೂ ಮಗ್ಗುಲು ತೋರಿಸಿ
ಅದರಲ್ಲೇ ಮುಖ ಒರೆಸಿಕೊಳ್ಳುತ್ತಿದ್ದ.

ಆಮೇಲೆ ಪತ್ರ ಬಂತು.
ದಪ್ಪ ಕಾಗದ, ನಯವಾದ ಇಂಗ್ಲಿಷು. ನನ್ನ ಹತ್ತಿರ ಓದಿಸಿದ.
'ಸುಳ್ಳು' ಎಂಬ ಮಾತು ಹುಡುಕಿದರೂ ಸಿಗಲಿಲ್ಲ.
'ಸ್ವಯಂಪ್ರೇರಿತ' ಅಂತ ಎರಡು ಕಡೆ ಇತ್ತು.

ಬಿಡಿಸಿ ಹೇಳಿದ್ದು ಗೋಪಾಳದ ಗ್ಯಾರೇಜಿನ ಜಬೀವುಲ್ಲಾ:
'ಗಾಡಿಗೆ ಗೊತ್ತಾಗುತ್ತೆ ಕಣಣ್ಣ, ಇದು ಪರೀಕ್ಷೆ ಅಂತ.
ಚಕ್ರ ಓಡ್ತಿದೆ, ಸ್ಟೀರಿಂಗು ಅಲುಗ್ತಿಲ್ಲ,
ಅಂದ್ರೆ ಇದು ರಸ್ತೆ ಅಲ್ಲ, ರೋಲರು.
ಆಗ ಕೈಕಟ್ಟಿ ಕೂತ ಒಳ್ಳೇ ಹುಡುಗ.
ಸ್ಟೀರಿಂಗು ತಿರುಗ್ತೋ,
ಅಂಗಿ ಬಿಚ್ಚಿ ಕುಣಿಯುತ್ತೆ.'

ಇನಾಸ್ ಬಹಳ ಹೊತ್ತು ಸುಮ್ಮನಿದ್ದ.
ಬೆರಳ ಗೆಣ್ಣು ಎಣಿಸುತ್ತಿದ್ದ:
ಹುಲಿಕಲ್ ಘಾಟಿಗೆ ಎಷ್ಟು, ರಿಪ್ಪನ್‌ಪೇಟೆಗೆ ಎಷ್ಟು,
ಆ ಮುರುಕು ಸಂಕದ ಹತ್ತಿರ ಒಂದರ ಬೆನ್ನಿಗೊಂದು ಮೂರು.
'ನಮ್ಮಲ್ಲಿ ನೇರ ರಸ್ತೆ ಎಲ್ಲುಂಟು ಅಕ್ಕ?
ಇಗರ್ಜಿಯ ಗೇಟಿಂದ ಮೆಟ್ಟಿಲ ತನಕ, ಇಪ್ಪತ್ತು ಮಾರು.
ಅಷ್ಟು ದೂರ ಸತ್ಯ ಹೇಳಿರಬಹುದು.'

ಮತ್ತೆ ನನ್ನ ಕಡೆ ತಿರುಗಿ,
'ನಿಮ್ಮ ಮಿಷನ್ನಿಗೂ ಕಾಣ್ಲಿಲ್ವಾ?'

ಮೈ ಉರಿಯಿತು.
ನನ್ನ ಮಿಷನ್ನಿಗೆ ಕಾಣುವುದು ಕಪ್ಪು ಮಾತ್ರ.
ಬಣ್ಣವಿಲ್ಲದೆ ಹೋಗುವುದು
ನನ್ನ ಕೊಳವೆಯಲ್ಲೇ ಹಾದುಹೋಗುತ್ತದೆ, ನಮಸ್ಕಾರ ಹೇಳಿ.
ಅದರ ಹೆಸರನ್ನು ಎರಡು ದಿನದ ತರಬೇತಿಯಲ್ಲಿ ಯಾರೂ ಎತ್ತಿರಲಿಲ್ಲ.
ಐದು ವರ್ಷ, ಹತ್ತು ಸರ್ಟಿಫಿಕೇಟು,
ಹತ್ತಕ್ಕೂ ನನ್ನ ಸಹಿ.

ಶೋರೂಮಿನಲ್ಲಿ ಲ್ಯಾಪ್‌ಟಾಪು ಚುಚ್ಚಿ ಮುಕ್ಕಾಲು ಗಂಟೆ ಇಟ್ಟರಂತೆ.
ಫ್ರೀ. ಮೇಲೊಂದು ಕಾಫಿ, ಒಂದು ಕೀ ಚೈನು.
ಹತ್ತೊಂಬತ್ತು ಕೊಡುತ್ತಿದ್ದ ಮೈಲೇಜು ಹದಿನಾರಕ್ಕೆ ಬಂತು.
ಘಾಟಿಯ ದೊಡ್ಡ ತಿರುವಿನಲ್ಲಿ ಎರಡನೇ ಗೇರು ಏದುಸಿರು,
ಒಂದಕ್ಕೆ ಇಳಿಸುವಷ್ಟರಲ್ಲಿ
ಬೆನ್ನಿಗೆ ಲಾರಿಯ ಹಾರನ್ನು.
ಮಾರಲು ಹೋದರೆ ದಲ್ಲಾಳಿ ಬಾನೆಟ್ಟೂ ಎತ್ತದೆ
'ಓ, ಆ ಕಂಪನಿದಾ?' ಎಂದು
ಲಕ್ಷದ ಲೆಕ್ಕದಲ್ಲೇ ಕೆಳಗಿಳಿದ.
ಕಂತು ಇನ್ನೂ ಹದಿನಾಲ್ಕು.

ಮಾಸ್ತರರು ದಿಂಬಿಗೆ ಒರಗಿ ಹೇಳಿದರಂತೆ:
'ಕಾಪಿ ಹೊಡೆದವ ಪಾಸಾದ ಮಾರಾಯಾ,
ಡಿಬಾರ್ ಆದದ್ದು ಬೆಂಚು.'

ಮೊನ್ನೆ ಬಂದ. ಕರ್ಚೀಫು ತೆಗೆಯಲಿಲ್ಲ.
ಕೊಳವೆ ಹಾಕಿ 'ಆಕ್ಸಿಲರೇಟರ್ ಒತ್ತು' ಎಂದೆ.
ಒತ್ತಿದ.
ನಿಂತಲ್ಲೇ ಸ್ಟೀರಿಂಗನ್ನು ಎಡಕ್ಕೆ ಪೂರ್ತಿ,
ಬಲಕ್ಕೆ ಪೂರ್ತಿ,
ಮತ್ತೆ ಎಡಕ್ಕೆ ಎಳೆಯತೊಡಗಿದ.
ಟೈರು ಕಾಂಕ್ರೀಟಿಗೆ ಉಜ್ಜಿ ಕಿರುಗುಟ್ಟಿತು.
ಬಂಕಿನ ಹುಡುಗರು ನಕ್ಕರು.
ಮೇರಿಯಮ್ಮ ಅಲುಗಿದಳು.
ಅವನ ಕಣ್ಣು ಗಾಜಿನಾಚೆ, ಅಲ್ಲಿಲ್ಲದ ಘಾಟಿಯ ಮೇಲೆ,
ತುಟಿ ಮಾತ್ರ ಎಣಿಸುತ್ತಿತ್ತು.

ಯಂತ್ರ ಯಾವಾಗಿನ ಅಂಕಿಯನ್ನೇ ತೋರಿಸಿತು.
ಪ್ರಿಂಟರು ನಾಲಿಗೆ ಚಾಚಿತು.
ಸಹಿ ಹಾಕುವಾಗ ಪೆನ್ನು ಕೈಕೊಟ್ಟಿತು,
ಕೊಡವಿದೆ, ಬರೆಯಿತು.

'ಎಷ್ಟು?' ಎಂದ, ಗೊತ್ತಿದ್ದೂ.
ಹೇಳಿದೆ.
ಚಿಲ್ಲರೆ ಸರಿಯಾಗೇ ತಂದಿದ್ದ.